ಮಳಖೇಡದ ಅರಸನಿಗೆ ಒಂದು ಅಂಕಿಯ ಹಾರ

ಕಲಬುರಗಿಯಿಂದ ಸೇಡಂ ದಾರಿ ಹಿಡಿದರೆ ಸುಮಾರು 40 ಕಿಲೋಮೀಟರಿಗೆ ಮಳಖೇಡ ಸಿಗುತ್ತದೆ. ಒಂದು ಕಡೆ ಕಾಗಿಣಾ ನದಿ, ಇನ್ನೊಂದು ಕಡೆ ತೊಗರಿ ಹೊಲ, ನಡುವೆ ಸಿಮೆಂಟ್ ಲಾರಿಗಳ ಧೂಳು. ಹಾಳುಬಿದ್ದ ಕೋಟೆ ನೋಡಲು ಬರುವವರು ಕಡಿಮೆ. ಬಂದವರೂ ಒಂದು ಸೆಲ್ಫಿ ತೆಗೆದುಕೊಂಡು ಬಸ್ಸು ಹಿಡಿಯುತ್ತಾರೆ. ಸುದ್ದಿಗೆಂದು ಆ ಕಡೆ ಹೋದಾಗಲೆಲ್ಲ ನಾವೂ ಹೆಚ್ಚು ಕಡಿಮೆ ಅದನ್ನೇ ಮಾಡುತ್ತಿದ್ದೆವು.

ಕಳೆದ ಸಲ ಹೋದಾಗ ಮಾತ್ರ ಒಂದು ಕಿರಾಣಿ ಅಂಗಡಿ ಮುಂದೆ ನಿಂತು ಮಾಲೀಕರ ಕ್ಯಾಲ್ಕುಲೇಟರ್ ಕೇಳಿದೆವು. 12 ಅಂಕಿ ತೋರಿಸುವ, ಗುಂಡಿಗಳ ಮೇಲಿನ ಅಕ್ಷರ ಅಳಿಸಿಹೋದ ಹಳೇ ಯಂತ್ರ.

"ಅಣ್ಣಾ, ಆರು ಸಲ ಒಂದು ಒತ್ರಿ. ಅದನ್ನ ಅದಕ್ಕೇ ಗುಣಿಸ್ರಿ."

ಅವರು ಅನುಮಾನದಿಂದಲೇ ಒತ್ತಿದರು. 111111 × 111111. ಪರದೆ ಮೇಲೆ ಬಂದದ್ದು 12345654321.

"ಏ, ಇದೇನ್ರೀ, ಪಾವಟಿಗಿ ಹತ್ತಿ ಇಳದಂಗ ಅದ!" ಎಂದರು.

ಅಣ್ಣ ಹೇಳಿದ ಮಾತಿಗೂ 1,150 ವರ್ಷ ಹಿಂದಿನ ಒಂದು ಸಂಸ್ಕೃತ ಪುಸ್ತಕದ ಮಾತಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಒಂದರಿಂದ ಶುರುವಾಗಿ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ ಎಂದು ಆ ಪುಸ್ತಕ ಇದನ್ನು ಬಣ್ಣಿಸುತ್ತದೆ. ಪುಸ್ತಕದ ಹೆಸರು 'ಗಣಿತಸಾರಸಂಗ್ರಹ', ಬರೆದವನು ಮಹಾವೀರಾಚಾರ್ಯ. ಪುಸ್ತಕದ ಆರಂಭದಲ್ಲಿ ಅವನು ಹೊಗಳುವ ಅರಸ ಅಮೋಘವರ್ಷ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟ. ಅಂದರೆ ಇದೇ ಮಳಖೇಡ.

ಕವಿರಾಜಮಾರ್ಗದ ಕಾಲದ ಲೆಕ್ಕದ ಪುಸ್ತಕ

ನೃಪತುಂಗ ಎಂದರೆ ಶಾಲೆಯಲ್ಲಿ ಓದಿದ ನಮಗೆಲ್ಲ ನೆನಪಾಗುವುದು ಕವಿರಾಜಮಾರ್ಗ. ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡಿನ ಮಾತು ಅಲ್ಲಿಂದಲೇ ಬಂದದ್ದು. 814ರ ಸುಮಾರಿಗೆ ಪಟ್ಟಕ್ಕೆ ಬಂದ ಅಮೋಘವರ್ಷ 60 ವರ್ಷಕ್ಕೂ ಹೆಚ್ಚು ಕಾಲ ಆಳಿದ. ಕನ್ನಡಕ್ಕೆ ಸಿಕ್ಕ ಮೊದಲ ಗ್ರಂಥವೂ ಈ ಗಣಿತದ ಗ್ರಂಥವೂ ಅದೇ ಅರಸನ ಕಾಲದವು, ಇಬ್ಬರೂ ಬರೆದದ್ದು 850ರ ಆಸುಪಾಸಿನಲ್ಲಿ. ಮೊದಲನೆಯದನ್ನು ಪ್ರತಿ ನವೆಂಬರಿನಲ್ಲಿ ವೇದಿಕೆ ಮೇಲೆ ನೆನೆಯುತ್ತೇವೆ. ಎರಡನೆಯದರ ಹೆಸರು ಮಳಖೇಡದ ಸುತ್ತಲಿನ ಹಳ್ಳಿಯ ಶಾಲೆಗಳಲ್ಲೂ ನಮ್ಮ ಕಿವಿಗೆ ಬಿದ್ದಿರಲಿಲ್ಲ.

ಮಹಾವೀರ ಮಳಖೇಡದಲ್ಲೇ ಕೂತು ಬರೆದ ಎಂದು ನಾವು ಹೇಳುತ್ತಿಲ್ಲ. ಅವನು ಜೈನ, ನೃಪತುಂಗನ ಆಳ್ವಿಕೆ ಏಳಿಗೆಯಾಗಲಿ ಎಂದು ಹಾರೈಸಿ ಪುಸ್ತಕ ಶುರುಮಾಡಿದ. ಇಷ್ಟನ್ನು ಹಿಡಿದುಕೊಂಡು ಮುಂದೆ ಹೋಗೋಣ.

ಅವನಿಗಿಂತ ಹಿಂದಿನ ಆರ್ಯಭಟ, ಬ್ರಹ್ಮಗುಪ್ತರಂಥವರು ಗಣಿತವನ್ನು ಖಗೋಳದ ಗ್ರಂಥದೊಳಗೆ ಒಂದೆರಡು ಅಧ್ಯಾಯವಾಗಿ ಇಟ್ಟಿದ್ದರು. ಮಹಾವೀರ ಹಾಗೆ ಮಾಡಲಿಲ್ಲ. ಇಡೀ ಪುಸ್ತಕವನ್ನು ಗಣಿತಕ್ಕೇ ಕೊಟ್ಟ. ಒಂಬತ್ತು ಅಧ್ಯಾಯ, 1,100ಕ್ಕೂ ಹೆಚ್ಚು ಪದ್ಯ. ಭಿನ್ನರಾಶಿ, ಬಡ್ಡಿ ಲೆಕ್ಕ, ಚಿನ್ನದ ಬಣ್ಣ ಅಳೆಯುವುದು, ಹೊಲದ ಅಳತೆ, ಗುಂಡಿ ತೋಡುವ ಲೆಕ್ಕ, ನೆರಳಿನಿಂದ ಎತ್ತರ ಕಂಡುಹಿಡಿಯುವುದು, ಎಲ್ಲ ಇದೆ. ಅಡುಗೆ, ವೈದ್ಯ, ಸಂಗೀತ, ನಾಟಕ, ಮನೆ ಕಟ್ಟುವುದು, ಛಂದಸ್ಸು ಎಲ್ಲದರಲ್ಲೂ ಗಣಿತ ಬೇಕೇ ಬೇಕು ಎಂದು ಆರಂಭದಲ್ಲೇ ಪಟ್ಟಿ ಕೊಡುತ್ತಾನೆ. "ಲೆಕ್ಕ ಕಲಿತು ಏನ್ ಮಾಡ್ಬೇಕ್ರೀ" ಎಂದು ಕೇಳುವ ಮಕ್ಕಳು ಆಗಲೂ ಇದ್ದರು ಅಂತ ಕಾಣುತ್ತದೆ.

ಲೆಕ್ಕಗಳಲ್ಲಿ ರಸಿಕತೆಯೂ ಇದೆ. ಗಂಡ ಹೆಂಡಿರ ಸರಸದಲ್ಲಿ ಮುತ್ತಿನ ಹಾರ ಹರಿಯಿತು. ಮೂರನೇ ಒಂದು ಪಾಲು ಒಂದು ಕಡೆ, ಆರನೇ ಒಂದು ಪಾಲು ಇನ್ನೊಂದು ಕಡೆ. ಉಳಿದದ್ದರಲ್ಲಿ ಅರ್ಧ, ಮತ್ತೆ ಉಳಿದದ್ದರಲ್ಲಿ ಅರ್ಧ, ಹೀಗೆ ಆರು ಸಲ ಚೆಲ್ಲಾಪಿಲ್ಲಿ. ಕೊನೆಗೆ ದಾರದಲ್ಲಿ ಉಳಿದ ಮುತ್ತು 1,161. ಮೊದಲು ಎಷ್ಟಿದ್ದವು? ಉತ್ತರ 1,48,608. ಅಷ್ಟು ಮುತ್ತು ಹೊತ್ತ ಕೊರಳಿನ ಗತಿ ಏನು ಎಂದು ಮಹಾವೀರ ಹೇಳುವುದಿಲ್ಲ.

ಕೊರಳ ಹಾರದಂಥ ಗುಣಾಕಾರ

ನಮ್ಮ ಸಂಖ್ಯೆ ಬರುವುದು ಎರಡನೇ ಅಧ್ಯಾಯದಲ್ಲಿ. ನಾವು ಶಾಲೆಯಲ್ಲಿ ಕೂಡುವುದರಿಂದ ಶುರುಮಾಡುತ್ತೇವೆ. ಮಹಾವೀರ ಕೂಡುವುದು ಕಳೆಯುವುದನ್ನು ಬಂದೇ ಬರುತ್ತದೆ ಎಂದು ಬಿಟ್ಟು, ನೇರ ಗುಣಾಕಾರಕ್ಕೆ ಬರುತ್ತಾನೆ. ಅಲ್ಲಿ ಅಭ್ಯಾಸಕ್ಕೆಂದು ಕೊಟ್ಟ ಕೆಲವು ಲೆಕ್ಕಗಳ ಉತ್ತರ ಹಾರದ ಹಾಗೆ ಬರುತ್ತವೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅರಸನ ಕೊರಳಿಗೆ ಒಪ್ಪುವ ಆಭರಣ ಎಂದು ಅವನೇ ಅವುಗಳನ್ನು ಕರೆಯುತ್ತಾನೆ. ಕೆಲವು ಇಲ್ಲಿವೆ, ಬೇಕಾದರೆ ಮೊಬೈಲಿನಲ್ಲಿ ಗುಣಿಸಿ ನೋಡಿ:

139 × 109 = 15151
152207 × 73 = 11111111
12345679 × 9 = 111111111
14287143 × 7 = 100010001
142857143 × 7 = 1000000001
333333666667 × 33 = 11000011000011
27994681 × 441 = 12345654321

ಕೊನೆಯದೇ ನಮ್ಮ ಸಂಖ್ಯೆ. ಓದಿ ಹೇಳಬೇಕೆಂದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಒಂದು ಜಿಲ್ಲೆಯ ನೀರಾವರಿ ಯೋಜನೆಯ ಮೊತ್ತದಷ್ಟು.

ಇದರ ಹೊಟ್ಟೆಯಲ್ಲಿ ಏನಿದೆ ನೋಡೋಣ. ಅಂಗಡಿಯಲ್ಲಿ ಕಂಡಂತೆ ಇದು 111111ರ ವರ್ಗ. 111111 ಅನ್ನು ಬಿಡಿಸಿದರೆ 3 × 7 × 11 × 13 × 37. ಮಹಾವೀರ ಕೊಟ್ಟ 441 ಅಂದರೆ 21ರ ವರ್ಗ, ಅಂದರೆ 3 ಮತ್ತು 7ರ ಪಾಲು. 27994681 ಅಂದರೆ 5291ರ ವರ್ಗ, ಅಂದರೆ 11, 13, 37ರ ಪಾಲು. 21 ಅನ್ನು 5291ರಿಂದ ಗುಣಿಸಿದರೆ ಮತ್ತೆ ಅದೇ 111111. ಎರಡು ವರ್ಗಗಳನ್ನು ಬೇರೆ ಬೇರೆ ಇಟ್ಟು, ಹಾರದ ಎರಡು ತುದಿಯನ್ನು ವಿದ್ಯಾರ್ಥಿಯ ಎರಡು ಕೈಗೆ ಕೊಟ್ಟಂತಿದೆ. 27994681 ಎಂಬ ಒರಟು ಸಂಖ್ಯೆ ನೋಡಿದರೆ ಉತ್ತರ ಇಷ್ಟು ಚೆಂದ ಬರುತ್ತದೆ ಎಂದು ಯಾರಿಗೂ ಅನ್ನಿಸುವುದಿಲ್ಲ.

ಇನ್ನೂ ಇದೆ. ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243. ಅದರ ಅಂಕಿಗಳನ್ನೆಲ್ಲ ಕೂಡಿದರೆ 36, ಅಂದರೆ ಆರರ ವರ್ಗ. ನಡುವೆ ನಿಂತ ಅಂಕಿಯೂ ಆರೇ.

ಏರಿ ಇಳಿಯುವ ಗುಟ್ಟು ಏನು? ಕಾಗದದ ಮೇಲೆ 111111 × 111111 ಗುಣಿಸಿ ನೋಡಿ. ಆರು ಸಾಲು ಬರುತ್ತವೆ, ಎಲ್ಲ ಸಾಲಿನಲ್ಲೂ ಬರೀ ಒಂದುಗಳು. ಪ್ರತಿ ಸಾಲು ಒಂದೊಂದು ಮನೆ ಎಡಕ್ಕೆ ಸರಿದಿರುತ್ತದೆ. ಬಲ ತುದಿಯ ಕಂಬದಲ್ಲಿ ಒಂದೇ ಒಂದು, ಅದರ ಪಕ್ಕ ಎರಡು, ನಡುವಿನ ಕಂಬದಲ್ಲಿ ಆರು, ಮತ್ತೆ ಇಳಿಯುತ್ತಾ ಎಡ ತುದಿಗೆ ಒಂದು. ಕಣದಲ್ಲಿ ಒಟ್ಟಿದ ಬಣವಿಯ ಹಾಗೆ, ನಡುವೆ ಎತ್ತರ, ಅಂಚಿಗೆ ತಗ್ಗು. ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ.

ಈ ಬಣವಿ ಒಂಬತ್ತು ಒಂದುಗಳವರೆಗೆ ನೆಟ್ಟಗೆ ನಿಲ್ಲುತ್ತದೆ. 111111111ರ ವರ್ಗ 12345678987654321. ಹತ್ತು ಒಂದುಗಳಿಗೆ ಹೋದರೆ ನಡುವಿನ ಕಂಬದಲ್ಲಿ ಹತ್ತು ಬರುತ್ತದೆ, ಕೈಯಲ್ಲಿ ಒಂದು ಉಳಿದು ಎಡಕ್ಕೆ ದಾಟುತ್ತದೆ. ಉತ್ತರ 1234567900987654321 ಆಗಿಬಿಡುತ್ತದೆ. ಹಾರ ಹರಿಯಿತು. ಹರಿದ ಜಾಗವನ್ನು ಗಮನಿಸಿ: 1234567 ಆದ ಮೇಲೆ 8 ಕಾಣೆಯಾಗಿ 9 ಬಂದಿದೆ. ಮಹಾವೀರನ ಪಟ್ಟಿಯಲ್ಲಿ 9ರಿಂದ ಗುಣಿಸಿದ ಆ 12345679ರಲ್ಲೂ 8 ಇಲ್ಲ. ಅಲ್ಲೂ ಕೈಯಲ್ಲಿ ಉಳಿದ ಒಂದೇ ಎಂಟನ್ನು ನುಂಗಿದೆ.

7ರ ಎರಡು ಹಾರಗಳಲ್ಲಿ ದೊಡ್ಡದರ ಗುಟ್ಟೂ ಹತ್ತಿರದ್ದೇ. 142857 ಅನ್ನು 7ರಿಂದ ಗುಣಿಸಿದರೆ 999999. ಅದನ್ನು ಮೂರು ಮನೆ ಎಡಕ್ಕೆ ಸರಿಸಿ, 143 × 7 ಅಂದರೆ 1001 ಕೂಡಿಸಿ. 999999000 ಮತ್ತು 1001 ಕೂಡಿದರೆ 1000000001. ಎರಡು ತುದಿಗೆ ಎರಡು ಹರಳು, ನಡುವೆಲ್ಲ ಸೊನ್ನೆ.

ತಪ್ಪು ತಾನೇ ಕಾಣುವ ಲೆಕ್ಕ

ಇಂಥ ಸಂಖ್ಯೆಗಳನ್ನು ಪಠ್ಯದಲ್ಲಿ ಯಾಕೆ ಇಟ್ಟ? ಚೆಂದಕ್ಕೆ ಎನ್ನಬಹುದು. ನಮಗೆ ತೋಚಿದ್ದು ಬೇರೆ. ಅದನ್ನು ಸೇಡಂ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕಣ್ಣಾರೆ ಕಂಡೆವು.

ಗಣಿತದ ಸರ್ ಒಪ್ಪಿ ಒಂಬತ್ತನೇ ತರಗತಿಯಲ್ಲಿ ಅರ್ಧ ಗಂಟೆ ಕೊಟ್ಟರು. ಕರಿಹಲಗೆ ಮೇಲೆ 27994681 × 441 ಬರೆದು ಸುಮ್ಮನೆ ನಿಂತೆವು. ಮಕ್ಕಳು ಮೂರು ಸಾಲು ಬರೆದು ಕೂಡಿದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎಲ್ಲರಿಗಿಂತ ಮೊದಲು ಮುಗಿಸಿದಳು. ಅವಳ ಉತ್ತರ 12345664321. ಬೇರೆ ಯಾವುದೇ ಲೆಕ್ಕವಾಗಿದ್ದರೆ ನೋಟ್‌ಬುಕ್ ಎತ್ತಿ ಸರ್ ಕೈಗೆ ಕೊಡುತ್ತಿದ್ದಳು. ಈ ಸಲ ಕೊಡಲಿಲ್ಲ. ಅಂಕಿಗಳನ್ನು ದಿಟ್ಟಿಸಿ ನೋಡಿದಳು. "ಸರ್, ಇಲ್ಲಿ ಆರು ಎರಡು ಸಲ ಬಂದದ. ಒಂದು ಐದು ಆಗಬೇಕಿತ್ತು ಅನಸ್ತದ" ಎಂದಳು. ಮತ್ತೆ ಕೂಡಿ, ದಾಟಿಸಿದ ಒಂದನ್ನು ಎರಡು ಸಲ ಸೇರಿಸಿದ್ದನ್ನು ತಾನೇ ಹಿಡಿದಳು.

ನಮಗೆ ಅನ್ನಿಸುವುದು ಇಷ್ಟು: ಹಾರದ ಲೆಕ್ಕದಲ್ಲಿ ತಪ್ಪು ಮಾಡಿದರೆ ಹಾರ ಹರಿಯುತ್ತದೆ. ಮೇಷ್ಟ್ರು ಬೇಕಿಲ್ಲ, ಉತ್ತರಪಟ್ಟಿ ಬೇಕಿಲ್ಲ. ಹಲಗೆ ಮೇಲೆ ಬರೆದು ಅಳಿಸಿ ಕಲಿಯುತ್ತಿದ್ದ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷಕ ಎಲ್ಲಿ ಸಿಗಬೇಕು?

ಇನ್ನೊಂದು ಸಂಗತಿಯೂ ಇದೆ. ಆಗಿನ ಗ್ರಂಥಗಳಲ್ಲಿ ಸಂಖ್ಯೆಯನ್ನು ಅಂಕಿಯಲ್ಲಿ ಬರೆಯುವುದು ಕಡಿಮೆ, ಪದಗಳಲ್ಲಿ ಹೇಳುವುದು ಹೆಚ್ಚು. ಚಂದ್ರ ಅಂದರೆ ಒಂದು, ಕಣ್ಣು ಅಂದರೆ ಎರಡು, ಬೆಂಕಿ ಅಂದರೆ ಮೂರು, ಕಡಲು ಅಂದರೆ ನಾಲ್ಕು, ಬಾಣ ಅಂದರೆ ಐದು, ಋತು ಅಂದರೆ ಆರು. ಹೇಳುವಾಗ ಬಿಡಿ ಸ್ಥಾನದಿಂದ ಶುರುಮಾಡಿ ಎಡಕ್ಕೆ ಹೋಗಬೇಕು. ಹೊಸಬರು ತಿರುವು ಮುರುವು ಮಾಡಿಕೊಳ್ಳುವುದು ಸಹಜ. ನಮ್ಮ ಸಂಖ್ಯೆಗೆ ಆ ಭಯವಿಲ್ಲ. ಯಾವ ಕಡೆಯಿಂದ ಬರೆದರೂ ಅದೇ.

24 ಮನೆ ಮತ್ತು ಒಂದು ಸೊನ್ನೆ

ದೊಡ್ಡ ಸಂಖ್ಯೆಗಳಿಗೆ ಮಹಾವೀರ ಹೆದರಿದವನಲ್ಲ. ಏಕ, ದಶ, ಶತದಿಂದ ಶುರುಮಾಡಿ ಕೋಟಿ, ಅರ್ಬುದ, ಖರ್ವ, ಪದ್ಮ, ಶಂಖ ದಾಟಿ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಡುತ್ತಾನೆ. ಮಹಾಕ್ಷೋಭ ಅಂದರೆ ಒಂದರ ಮುಂದೆ 23 ಸೊನ್ನೆ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಮನಸ್ಸಿನಲ್ಲೇ ಗುಣಿಸಿ ಹೇಳಿದ ಉತ್ತರದಲ್ಲಿ 26 ಅಂಕಿ ಇದ್ದವು. ಮಹಾವೀರನ ಪಟ್ಟಿಯನ್ನೂ ಎರಡು ಮನೆ ದಾಟಿದ್ದರು ಆ ತಾಯಿ.

ಹಾಗಂತ 'ಎಲ್ಲಾ ನಮ್ಮ ಪೂರ್ವಿಕರಿಗೆ ಗೊತ್ತಿತ್ತು' ಎಂಬ ವಾಟ್ಸ್‌ಆ್ಯಪ್ ಸಂದೇಶಕ್ಕೆ ಈ ಲೇಖನ ಸೇರದಿರಲಿ. ಮಹಾವೀರ ತಪ್ಪೂ ಮಾಡಿದ್ದಾನೆ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಹಾಗೇ ಉಳಿಯುತ್ತದೆ ಎಂದು ಬರೆದ. ಅದು ಸರಿಯಲ್ಲ. ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲ ಎಂದು ಇಂದಿನ ಗಣಿತ ಹೇಳುತ್ತದೆ. 300 ವರ್ಷದ ಮೇಲೆ ಭಾಸ್ಕರಾಚಾರ್ಯ ಅದನ್ನು ಅನಂತ ಎಂದು ಬೇರೆ ದಾರಿ ಹಿಡಿದ. ಅದೇ ಮಹಾವೀರ, ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ ಎಂದು ತನ್ನ ಕಾಲಕ್ಕೆ ಸ್ಪಷ್ಟವಾಗಿ ಹೇಳಿದವನೂ ಹೌದು. ಸರಿಯನ್ನೂ ತಪ್ಪನ್ನೂ ಒಟ್ಟಿಗೆ ಓದಿದರೇನೇ ಅದು ಇತಿಹಾಸ.

ಸೊನ್ನೆಯ ತಪ್ಪಿನ ಬಗ್ಗೆ ದೊಡ್ಡದಾಗಿ ಮಾತಾಡುವ ಹಕ್ಕು ನಮಗೂ ಇಲ್ಲ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಬೆಳೆ ಪರಿಹಾರದ ಒಂದು ಸುದ್ದಿ ಕಳಿಸಿದ್ದೆವು. ಒಂದು ಕೋಟಿ 20 ಲಕ್ಷ ಎಂಬುದನ್ನು ಅವಸರದಲ್ಲಿ ಅಂಕಿಯಲ್ಲಿ ಬರೆಯುವಾಗ ಸೊನ್ನೆ ಒಂದು ಹೆಚ್ಚಾಯಿತು. ಮರುದಿನ ಪತ್ರಿಕೆಯಲ್ಲಿ 12 ಕೋಟಿ ಎಂದು ಅಚ್ಚಾಯಿತು. ತಪ್ಪು ಪೂರ್ತಿ ನಮ್ಮದೇ. ಎರಡು ದಿನದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮುತ್ಯಾ ಪೇಪರ್ ತುಂಡು ಹಿಡಿದು ನಮ್ಮನ್ನು ಹುಡುಕಿಕೊಂಡು ಬಂದರು.

"ತಮ್ಮಾ, ಹನ್ನೆರಡು ಕೋಟಿ ಬಂದದ ಅಂತ ನೀವೇ ಬರದೀರಿ. ನನಗ ಬಂದದ್ದು ಇಷ್ಟೇ. ಉಳದದ್ದು ಯಾರು ತಿಂದ್ರು?"

ಯಾರೂ ತಿಂದಿಲ್ಲ ಮುತ್ಯಾ, ಸೊನ್ನೆ ನಮ್ಮದು ಎಂದು ಹೇಳಲು ಗಂಟಲು ಕಟ್ಟಿತು. ಹೇಳಿದೆವು. ಅವರು ಬೈಯಲಿಲ್ಲ. ನಂಬಲೂ ಇಲ್ಲ. ತಿದ್ದುಪಡಿ ಒಳಪುಟದಲ್ಲಿ ಎರಡು ಸಾಲು ಬಂತು, ಮುತ್ಯಾ ಅದನ್ನು ಓದಿರಲಾರರು. ನಮ್ಮ ಸುದ್ದಿಯ ಅಂಕಿಗಳು ಹಾರದ ಅಂಕಿಗಳಲ್ಲ. ತಪ್ಪಾದರೆ ತಾವಾಗಿ ಹರಿದು ತೋರಿಸುವುದಿಲ್ಲ. 12 ಕೋಟಿಯೂ ನೋಡಲು ಒಂದು ಕೋಟಿ 20 ಲಕ್ಷದಷ್ಟೇ ಸಾಚಾ.

ಕನ್ನಡ ಲಿಪಿ ಉಳಿಸಿದ್ದು

ಈ ಪುಸ್ತಕ ನಮ್ಮ ಕೈಗೆ ಬಂದ ದಾರಿಯನ್ನೂ ಹೇಳಬೇಕು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. 12ನೇ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದು, ಈ ನಾಡಿನ ಮಾತಿನಲ್ಲೂ ಲೆಕ್ಕ ಹೇಳಬಹುದು ಎಂದು ತೋರಿಸಿದ. ಆಮೇಲೆ ಎಷ್ಟೋ ಕಾಲ ಮಹಾವೀರನ ಮೂಲ ಗ್ರಂಥ ಮಠ, ಬಸದಿಗಳ ತಾಳೆಗರಿ ಕಟ್ಟುಗಳಲ್ಲಿ ಇತ್ತು.

1912ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯ ಇದನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚುಮಾಡಿಸಿದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿತ ಇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಮುನ್ನುಡಿ ಬರೆದರು. ರಂಗಾಚಾರ್ಯರು ಪಾಠ ಹೋಲಿಸಿ ನೋಡಲು ಬಳಸಿದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಮೂಡುಬಿದಿರೆಯ ತಾಳೆಗರಿಯಿಂದ ಇಳಿಸಿಕೊಂಡದ್ದು ಅವುಗಳಲ್ಲಿ ಒಂದು. ಮಾತು ಸಂಸ್ಕೃತ, ಅಕ್ಷರ ಕನ್ನಡ. ಕಾಗಿಣಾ ದಂಡೆಯ ಅರಸನನ್ನು ಹೊಗಳಿದ ಪುಸ್ತಕವನ್ನು ಕರಾವಳಿಯ ಮಳೆಯಲ್ಲಿ ಯಾರೋ ಹುಳ ಹಿಡಿಯದಂತೆ ಕಾಪಾಡಿದ್ದರು. 2000ರಲ್ಲಿ ಮೈಸೂರಿನ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮ ಅವರ ಕನ್ನಡ ಅನುವಾದ ಹೊಂಬುಜದ ಜೈನ ಮಠದಿಂದ ಹೊರಬಂತು. ಮಳಖೇಡದ ಪುಸ್ತಕ ಕನ್ನಡದ ಮಾತಿನಲ್ಲಿ ನಮಗೆ ಸಿಕ್ಕಿದ್ದು ಹಾಗೆ.

ತಾಳೆಗರಿ ನಕಲು ಮಾಡುವವನಿಗೆ ಗಣಿತ ಬಾರದಿದ್ದರೆ ಅಂಕಿ ತಪ್ಪುವುದು ಬಹಳ ಸುಲಭ. ಒಂದು ಪದ ಜಾರಿದರೆ ಲೆಕ್ಕವೇ ಕೆಟ್ಟಿತು. ಆದರೆ ಹಾರದ ಲೆಕ್ಕದಲ್ಲಿ ಜಾರಿದ ಮಣಿ ಯಾವುದೆಂದು ಸಾವಿರ ವರ್ಷದ ಮೇಲೂ ಗುಣಿಸಿ ನೋಡಿ ಹೇಳಬಹುದು. ಒಂಬತ್ತನೇ ತರಗತಿ ಹುಡುಗಿ ಮಾಡಿದ್ದೂ ಅದನ್ನೇ.

ಕಿರಾಣಿ ಅಂಗಡಿಯ ಅಣ್ಣ ಕ್ಯಾಲ್ಕುಲೇಟರ್ ವಾಪಸು ಪಡೆಯುವಾಗ ಕೇಳಿದರು: "ಏಳು ಒಂದು ಹಾಕಿದ್ರ ಏನ್ ಬರ್ತದ್ರೀ?" ಹಾಕಿ ನೋಡಿದರು. ಉತ್ತರಕ್ಕೆ 13 ಮನೆ ಬೇಕು, ಯಂತ್ರಕ್ಕೆ ಇರುವುದು 12. ಪರದೆಯ ಮೂಲೆಯಲ್ಲಿ ತಪ್ಪಿನ ಗುರುತು ಬಂತು. ಅಣ್ಣ ನಕ್ಕು, ಬೀಡಿ ಕಟ್ಟಿನ ಹಳೇ ಕಾಗದ ಬಿಡಿಸಿ, ಪೆನ್ಸಿಲ್ ತೆಗೆದು ಏಳು ಸಾಲು ಬರೆಯಲು ಕೂತರು. ಸೇಡಂ ಬಸ್ಸು ಬಂತು. ನಾವು ಆ ಬಸ್ಸನ್ನು ಬಿಟ್ಟು ಮುಂದಿನದಕ್ಕೆ ಕಾಯ್ದೆವು.